ತಾಯಿಗೊಂದು ವೀಸಾ

ಸುದ್ದಿ ಬಂದಾಗ ಅಜ್ಜಿ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದಳು. ಮೊಮ್ಮಗಳು ಫೋನು ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅಜ್ಜಿ, ಚಿಕ್ಕಮ್ಮ ಬರೆದಿದ್ದಾಳೆ. ಹಡಗಲ್ಲಿ ಕೆಲಸ ಸಿಕ್ಕಿದೆಯಂತೆ. ಅಲ್ಲೂ ಬಟ್ಟೆ ಒಗೆಯೋದೇ. ಆದ್ರೆ ತಿಂಗಳುಗಟ್ಟಲೆ ನೀರ ಮೇಲೇ ಇರ್ಬೇಕಂತೆ."

"ಮಗು?"

"ಅದನ್ನೇ ಕೇಳಿದ್ದಾಳೆ. ಸ್ಕೂಲು ಶುರುವಾಗೋ ಮುಂಚೆ ನೀನು ಹೋಗಿ ಪುಟಾಣಿ ಜೊತೆ ಇರೋಕಾಗುತ್ತಾ ಅಂತ. ಆಗಲ್ಲ ಅಂದ್ರೆ ಹಾಸ್ಟೆಲ್ಲಿಗೆ ಸೇರಿಸ್ತಾಳಂತೆ."

"ಇಲ್ಲಿಗೇ ಕಳಿಸ್ಲಿ."

"ಕಳಿಸಲ್ಲಂತೆ. ಹಡಗು ದಡಕ್ಕೆ ಬಂದಾಗಲಾದ್ರೂ ಮಗು ಮುಖ ನೋಡ್ಬೇಕು ಅಂತಾಳೆ. ತಪ್ಪೇನಿದೆ?"

ಅಜ್ಜಿ ಅರ್ಧ ಸುಲಿದ ಆಲೂಗಡ್ಡೆಯನ್ನು ಹಾಗೆಯೇ ನೀರಿಗೆ ಹಾಕಿದಳು.

ಅವಳ ಕಿರಿಯ ಮಗ ಥಾಯ್ ಜನರ ದೇಶಕ್ಕೆ ಹೋಗಿ ದೊಡ್ಡ ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕೆ ಸೇರಿದ್ದ. ಮಡಿಸುವಾಗ ಚಾದರದ ಇನ್ನೊಂದು ತುದಿ ಹಿಡಿಯುತ್ತಿದ್ದ ಹುಡುಗಿಯನ್ನೇ ಮದುವೆಯಾದ. ಅಜ್ಜಿಗೆ ಆ ಸಂಬಂಧ ಹಿಡಿಸಿತ್ತು. ಅವಳೂ ಆಸ್ಪತ್ರೆಯ ಚಾದರ ಒಗೆದು ಮಡಿಸಿಯೇ ಇಬ್ಬರು ಮಕ್ಕಳನ್ನು ಬೆಳೆಸಿದವಳು. ನಿವೃತ್ತಿಯಾದ ಮೇಲೆ ಅಕ್ಕಪಕ್ಕದ ಮನೆಗಳ ಬಟ್ಟೆ ತಂದು ಇಸ್ತ್ರಿ ಮಾಡುತ್ತಿದ್ದಳು. ಒಂದು ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಕಿರಿಯ ಮಗನ ಬೈಕಿಗೆ ಲಾರಿ ಬಡಿಯಿತು. ಹಿರಿಯ ಮಗ ಹೋಗಿ ತಮ್ಮನ ಬೂದಿ ತಂದ. ಆಗ ಅಜ್ಜಿಗೂ ಪಾಸ್‌ಪೋರ್ಟ್ ಮಾಡಿಸಿದ್ದರು, ಅವಳಿಗೆ ಮಂಚ ಬಿಟ್ಟು ಏಳಲಾಗಲಿಲ್ಲ. ಉಳಿದದ್ದು ಭಾನುವಾರದ ಫೋನು, ಫೋನಿನಲ್ಲಿ ಪುಟಾಣಿ. ಮೊದಲು ಮಗಳ ಮಾತನ್ನು ಅಪ್ಪ ತಿಳಿಸಿ ಹೇಳುತ್ತಿದ್ದ. ಈಗ ಅತ್ತ ಮಗು ಮಾತಾಡುತ್ತಿತ್ತು, ಇತ್ತ ಅಜ್ಜಿ ತಲೆಯಾಡಿಸುತ್ತಿದ್ದಳು.

ರಾತ್ರಿ ಊಟಕ್ಕೆ ಕೂತಾಗ ಅಜ್ಜಿ, "ನಾನು ಹೋಗ್ತೀನಿ," ಎಂದಳು.

ಹಿರಿಯ ಮಗ ಲಿಫ್ಟ್ ರಿಪೇರಿ ಮಾಡುವವನು. ಅವನ ಉಗುರಿನ ಗ್ರೀಸು ಯಾವ ಸೋಪಿಗೂ ಬಗ್ಗದು. ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ, "ಎಲ್ಲಿಗೆ?" ಎಂದ.

"ಪುಟಾಣಿ ಹತ್ರ."

"ಅಮ್ಮಾ, ಅಲ್ಲಿ ನಿನಗೆ ಉಪ್ಪು ಕೇಳೋಕೂ ಬರಲ್ಲ."

"ಕಲೀತೀನಿ."

"ಈ ವಯಸ್ಸಲ್ಲಿ?"

"ಬಾಯಿಗೇನಾಗಿದೆ ವಯಸ್ಸು? ನಾಲ್ಕು ಮಹಡಿ ಹತ್ತೋ ಕಾಲಿಗೆ ಆಗಿರೋದು."

ಸೊಸೆ ಬೇಕರಿಯ ಕೌಂಟರಿನಲ್ಲಿ ದಿನವಿಡೀ ನಿಂತು ಬರುವವಳು. ಊದಿದ ಕಾಲನ್ನು ಎದುರಿನ ಸ್ಟೂಲಿನ ಮೇಲಿಟ್ಟು ಉಣ್ಣುತ್ತಿದ್ದಳು. "ಊರ ಲಿಫ್ಟೆಲ್ಲ ರಿಪೇರಿ ಮಾಡೋರ ಮನೆಗೇ ಲಿಫ್ಟಿಲ್ಲ," ಎಂದು ಗಂಡನನ್ನು ಕುಟುಕಿ, ಆಮೇಲೆ ಅತ್ತೆಯ ಕಡೆ ತಿರುಗಿದಳು. "ನೀವು ಹೋದ್ರೆ ಬೆಳಿಗ್ಗೆ ಈ ಮನೆ ಒಲೆ ಯಾರು ಹಚ್ತಾರೆ ಅತ್ತೆ? ನಾನು ಐದಕ್ಕೆ ಅಂಗಡೀಲಿರ್ಬೇಕು. ಇವಳಿಗೆ ನರ್ಸಿಂಗ್ ಡ್ಯೂಟಿ. ಇವ್ರು ಟೀ ಕಾಸಿದ್ರೆ ಅದರಲ್ಲಿ ಗ್ರೀಸ್ ತೇಲುತ್ತೆ."

"ಇಷ್ಟು ವರ್ಷ ಹಚ್ಚಿದೀನಲ್ಲ."

"ಅದಕ್ಕೇ ಕೇಳ್ತಿರೋದು."

"ಅಲ್ಲಿ ಒಂದು ಮಗು ಇದೆಯಮ್ಮ."

"ಇಲ್ಲಿ ಮೂರು ಜನ ಇದೀವಿ," ಎಂದಳು ಸೊಸೆ. ಸಿಟ್ಟಿರಲಿಲ್ಲ, ದಣಿವಿತ್ತು. ಅಜ್ಜಿಗೆ ಸಿಟ್ಟೇ ವಾಸಿ ಎನ್ನಿಸಿತು.

ಮರುದಿನ ಮೊಮ್ಮಗಳು ಇಸ್ತ್ರಿ ಮೇಜಿನ ತುದಿಯಲ್ಲಿ ಕೂತು ಫೋನಿನಲ್ಲಿ ವೀಸಾಗಳ ವಿಷಯ ಓದತೊಡಗಿದಳು. ಅಜ್ಜಿ ಅಂಗಿಯ ಕಾಲರು ಒತ್ತುತ್ತ ಕೇಳಿಸಿಕೊಂಡಳು.

"ಟೂರಿಸ್ಟ್ ವೀಸಾ ಸುಲಭ. ಆದ್ರೆ ಸ್ವಲ್ಪ ದಿನಕ್ಕೇ ವಾಪಸ್ ಬರ್ಬೇಕು."

"ಹೋಗಿ ಮುಖ ತೋರಿಸಿ ಬರೋಕೆ ನಾನೇನು ಮದುವೆ ಮನೆಗೆ ಹೋಗ್ತಿದೀನಾ. ಮುಂದಿಂದು ಓದು."

"ಐವತ್ತು ದಾಟಿದೋರಿಗೆ ಅಂತಾನೇ ಒಂದಿದೆ."

"ಅದು ನಂದು."

"ಬ್ಯಾಂಕಲ್ಲಿ ದುಡ್ಡಿಟ್ಟು ತೋರಿಸ್ಬೇಕು. ಈ ಮನೆ ಸಾಮಾನೆಲ್ಲ ಮಾರಿದ್ರೂ ಆಗಲ್ಲ."

"ಅದು ನಂದಲ್ಲ. ಸಂಬಂಧಿಕರಿಗೆ ಅಂತ ಕೊಡಲ್ವಾ?"

"ಗಂಡ ಹೆಂಡತಿ, ಅಪ್ಪ ಅಮ್ಮ, ಮಕ್ಕಳು. ಅಷ್ಟರವರೆಗೆ ಬಂದಿದೆ. ಅಜ್ಜಿ ಅನ್ನೋ ಮಾತು ಎಲ್ಲೂ ಕಾಣ್ತಿಲ್ಲ."

ಅಜ್ಜಿ ಇಸ್ತ್ರಿಪೆಟ್ಟಿಗೆ ನಿಲ್ಲಿಸಿದಳು. "ಮಗನ್ನ ಹೆತ್ತಿದ್ದು ಸಂಬಂಧ, ಮಗನ ಮಗಳು ಸಂಬಂಧ ಅಲ್ವಾ?"

"ನನ್ನ ಕೇಳಿದ್ರೆ? ಇನ್ನೊಂದಿದೆ ನೋಡು. ಅಲ್ಲಿನ ಶಾಲೆಗೆ ಸೇರಿ ಥಾಯ್ ಭಾಷೆ ಕಲಿಯೋರಿಗೆ ಸ್ಟೂಡೆಂಟ್ ವೀಸಾ. ಶಾಲೆಯೋರು ಸೇರಿಸ್ಕೊಂಡ್ರೆ ಅದರ ಮೇಲೆ ವೀಸಾ. ವಯಸ್ಸು ಇಷ್ಟೇ ಇರ್ಬೇಕು ಅಂತ ಎಲ್ಲೂ ಇಲ್ಲ. ಆದ್ರೆ ನಿಜವಾಗ್ಲೂ ಕ್ಲಾಸಿಗೆ ಹೋಗ್ಬೇಕು. ಹೋಗದಿದ್ರೆ ಕಿತ್ಕೋತಾರೆ."

"ಮಗು ಸ್ಕೂಲಿಗೆ ಹೋಗೋ ಹೊತ್ತಿಗೆ ನಾನೂ ಹೋಗ್ತೀನಿ. ಅದು ಬರೋ ಹೊತ್ತಿಗೆ ನಾನೂ ಬರ್ತೀನಿ. ಅದನ್ನೇ ಮಾಡಿಸೋಕೆ ಹೇಳು ನಿಮ್ಮಪ್ಪನಿಗೆ."

ಬೇಕರಿಯಿಂದ ಬಂದ ಸೊಸೆ ಇದನ್ನು ಕೇಳಿ ಚಪ್ಪಲಿ ಬಿಡುತ್ತಲೇ, "ಸರಿ ಹೋಯ್ತು. ಸೊಸೆ ನಿಂತು ಬನ್ನು ಮಾರೋದು, ಅತ್ತೆ ಬ್ಯಾಗು ಹಾಕ್ಕೊಂಡು ಸ್ಕೂಲಿಗೆ ಹೋಗೋದು," ಎಂದಳು. ಆದರೂ ತಂದಿದ್ದ ಬ್ರೆಡ್ಡಿನಲ್ಲಿ ಮೆತ್ತನೆಯದನ್ನು ಅತ್ತೆಯ ತಟ್ಟೆಗೇ ಹಾಕಿದಳು.

ಆ ಭಾನುವಾರ ಫೋನಿನಲ್ಲಿ ಪುಟಾಣಿಯ ಮುಖ ಬಂತು. ಮುಂದಿನ ಹಲ್ಲು ಬಿದ್ದಿತ್ತು. "ಯಾ," ಎಂದಿತು.

ಪ್ರತಿ ವಾರವೂ ಅದೇ ಆಗುತ್ತಿತ್ತು. ಅಜ್ಜಿಗೆ ಅದು 'ಯಾರು' ಎಂದು ಕೇಳಿದ ಹಾಗೆ ಕೇಳಿಸುತ್ತಿತ್ತು. ಅಪ್ಪ ಕಲಿಸಿದ್ದ ನಾಲ್ಕು ಮಾತಿನಲ್ಲಿ ಅರ್ಧ ಉಳಿದಿದೆ ಎಂದುಕೊಂಡಿದ್ದಳು. "ನಾನು ಕಣೇ, ನಿನ್ನಜ್ಜಿ," ಎಂದಳು, ಎದೆಯ ಮೇಲೆ ಕೈ ಇಟ್ಟು.

"ಯಾ ಮಾ ಮೈ?"

"ಏನಂದ್ಲು?"

ಹಿರಿಯ ಮಗ ಕುರ್ಚಿಯಲ್ಲಿ ಕೂತು ಸ್ಕ್ರೂಡ್ರೈವರ್ ಒರೆಸುತ್ತಿದ್ದ. "ಯಾಮಾರ್ಬೇಡಜ್ಜಿ ಅಂತಿದ್ದಾಳೆ," ಎಂದ. ಎಲ್ಲರೂ ನಕ್ಕರು. ಅವರು ನಕ್ಕಿದ್ದು ನೋಡಿ ಮಗುವೂ ನಕ್ಕಿತು. ಮೊಮ್ಮಗಳು ತನ್ನ ಫೋನಿನ ಅನುವಾದದ ಯಂತ್ರಕ್ಕೆ ಆ ಮಾತು ಕೇಳಿಸಿದಳು. "ಔಷಧ, ಕುದುರೆ ಅಂತೆ," ಎಂದಾಗ ನಗು ಇನ್ನೂ ಜೋರಾಯಿತು. ಅಜ್ಜಿ ಮಾತ್ರ, "ಔಷಧ ಯಾಕೆ, ಹುಷಾರಿಲ್ವಾ?" ಎಂದು ಮಗುವಿನ ಮುಖವನ್ನೇ ನೋಡಿದಳು. ಕಿರಿಸೊಸೆಗೆ ಬರೆದು ಕೇಳಬಹುದಿತ್ತು. ಹಲ್ಲಿಲ್ಲದ ಮಗುವಿನ ಮಾತೆಂದು ಯಾರೂ ಕೇಳಲಿಲ್ಲ. ಅಂದಿನಿಂದ ಪುಟಾಣಿ ಪ್ರತಿ ಭಾನುವಾರ ಅದನ್ನೇ ಹೇಳುತ್ತಿತ್ತು, ಇವರು ನಗುತ್ತಿದ್ದರು. ಮನೆಯಲ್ಲಿ ಯಾರಾದರೂ ಅಂಗಡಿಗೆ ಹೊರಟರೆ, "ಯಾ ಮಾ ಮೈ," ಎನ್ನುವುದು ತಮಾಷೆಯಾಯಿತು: ಯಾಮಾರಿ ಕೊಳೆತ ಟೊಮೆಟೊ ತರಬೇಡಿ ಎಂದು.

ಕೊನೆಗೂ ಹಿರಿಯ ಮಗ ಒಪ್ಪಿಕೊಂಡು ವೀಸಾ ಏಜೆಂಟಿಗೆ ಫೋನು ಮಾಡಿದ. ಮಾಡಿದ್ದು ಕೆಲಸದ ನಡುವೆ. ಹದಿನೈದು ಮಹಡಿಯ ಕಟ್ಟಡವೊಂದರಲ್ಲಿ ಲಿಫ್ಟಿನ ನೆತ್ತಿಯ ಮೇಲೆ ಕತ್ತಲಲ್ಲಿ ಮಂಡಿಯೂರಿ ಕೂತು, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಿದ್ದ. ಬಿಚ್ಚಿದ ಸ್ಕ್ರೂಗಳನ್ನು ತುಟಿಯ ನಡುವೆ ಹಿಡಿದುಕೊಳ್ಳುವುದು ಅವನ ಕಸುಬಿನ ರೂಢಿ. ಕೆಳಗೆ ಬಿದ್ದರೆ ಬಾವಿಗೆ ಬಿದ್ದಂತೆ. ಹಾಗೇ ಮಾತಾಡಿದ. ಏಜೆಂಟ್ ಏನೇನೋ ಕೇಳಿದ, ಇವನು ಹೂಂಗುಟ್ಟಿದ. ಅಮ್ಮನ ಪಾಸ್‌ಪೋರ್ಟನ್ನೂ, ಖರ್ಚು ಹೊರುವವನು ತಾನೆಂದು ತನ್ನದನ್ನೂ ಕಳಿಸಿದ. ಶುಲ್ಕ ಕಟ್ಟಿದ. ಗಂಡ ಹೆಂಡತಿ ಸೇರಿ ಕೂಡಿಟ್ಟಿದ್ದೆಲ್ಲ ಅಲ್ಲಿಗೆ ಮುಗಿಯಿತು. ಆ ಹಣದಲ್ಲಿ ಕೊಳ್ಳಬೇಕೆಂದಿದ್ದ ಫ್ರಿಜ್ಜಿನ ಮಾತನ್ನು ಸೊಸೆ ಅಂದಿನಿಂದ ಎತ್ತಲಿಲ್ಲ.

ಅಜ್ಜಿ ಬಟ್ಟೆ ತಂದುಕೊಡುವ ಮನೆಗಳಿಗೆಲ್ಲ ತಾನು ಹೊರಡುವ ವಿಷಯ ಹೇಳಿಬಿಟ್ಟಳು. ಮೊಮ್ಮಗಳಿಗೆ ಅನ್ನಕ್ಕೆ ನೀರಿಡುವ ಅಳತೆ ಕಲಿಸಿದಳು. ಮಗನಿಗೆ ಟೀ ಕಲಿಸಲು ಹೋಗಿ ಕೈಬಿಟ್ಟಳು.

ಶಾಲೆಯ ಪತ್ರ ಬಂದ ಸಂಜೆ ಮೊಮ್ಮಗಳು ಅದನ್ನು ಓದುತ್ತ ಓದುತ್ತ ನಿಂತಳು.

"ಅಪ್ಪಾ, ಇದು ನಿನ್ನ ಹೆಸರಲ್ಲಿದೆ."

"ಏನು?"

"ಥಾಯ್ ಕಲಿಯೋಕೆ ಸೇರಿರೋದು ನೀನು. ವೀಸಾಕ್ಕೆ ಹಾಕಿರೋದೂ ನಿನ್ನ ಹೆಸರೇ. ಅಜ್ಜಿ ಹೆಸರು ಎಲ್ಲೂ ಇಲ್ಲ."

ಅವನು ಅಲ್ಲೇ ಏಜೆಂಟಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಿಸುವಂತೆ ಮೇಜಿನ ಮೇಲಿಟ್ಟ.

"ರೀ, ನಾನು ತಾಯಿಗೆ ವೀಸಾ ಬೇಕು ಅಂದಿದ್ದೆ."

"ಹೌದು ಸಾರ್. ಥಾಯ್‌ಗೆ ವೀಸಾ. ಅದನ್ನೇ ಮಾಡಿರೋದು."

"ಥಾಯ್‌ಗಲ್ಲ ಕಣ್ರೀ. ತಾಯಿಗೆ."

"ಅದೇ ಸಾರ್, ಥಾಯ್‌ಗೇ."

"ನನ್ನ ಹೆತ್ತ ತಾಯಿಗೆ."

ಅತ್ತ ಕಾಗದ ತಿರುವಿ ಹಾಕುವ ಸದ್ದು ಕೇಳಿಸಿತು. ಆಮೇಲೆ ಏಜೆಂಟ್ ನಿಧಾನಕ್ಕೆ, "ಬಾಯಲ್ಲಿ ಏನೋ ಇಟ್ಕೊಂಡು ಮಾತಾಡ್ತಿದ್ರಿ ಸಾರ್. ಓದೋದು ನೀವೇನಾ ಅಂತ ಕೇಳಿದೆ, ಹೂಂ ಅಂದ್ರಿ. ಎರಡನೇ ಪಾಸ್‌ಪೋರ್ಟು ಮನೇಲಿ ಯಾರಿದಾರೆ ಅಂತ ತೋರಿಸೋಕೆ ಅಂದ್ಕೊಂಡೆ," ಎಂದ.

ಹೆಸರು ಬದಲಾಯಿಸಲು ಶಾಲೆ ಒಪ್ಪಲಿಲ್ಲ. ಬೇಕಾದರೆ ಕಟ್ಟಿದ ಹಣವನ್ನು ಮುಂದಿನ ತಂಡಕ್ಕೆ ಅಜ್ಜಿಯ ಹೆಸರಿಗೆ ಹಾಕಿಕೊಳ್ಳುವುದಾಗಿ ಹೇಳಿತು. ಆದರೆ ಮುಂದಿನ ತಂಡ ಶುರುವಾಗುವಷ್ಟರಲ್ಲಿ ಹಡಗು ಹೊರಟು ಎಷ್ಟೋ ಕಾಲವಾಗಿರುತ್ತಿತ್ತು. ಆ ತಂಡಕ್ಕೂ ವೀಸಾ ಕೊಡುತ್ತಾರೆಂಬ ಭರವಸೆ ಯಾರೂ ಕೊಡಲಿಲ್ಲ.

ಶಾಲೆಯ ಉತ್ತರ ಬಂದ ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ಮಗನನ್ನು ಒಂದೇ ಮಾತು ಕೇಳಿದಳು. "ಬೇಕಂತ ಮಾಡಿದ್ಯಾ?"

"ಅಮ್ಮಾ."

"ಕೇಳಿದ್ದಕ್ಕೆ ಹೇಳು. ನಾನು ಹೋಗೋದು ನಿನಗೆ ಇಷ್ಟ ಇರ್ಲಿಲ್ಲ."

"ಇರ್ಲಿಲ್ಲ. ಒಂದು ಸಲ ಆ ಊರಿಗೆ ಹೋಗಿ ತಮ್ಮನ್ನ ಡಬ್ಬೀಲಿ ಹಾಕ್ಕೊಂಡು ಬಂದಿದೀನಿ. ನಿನ್ನೂ ಹಾಗೆ ತರೋ ಕೆಲಸ ಬೇಡ ಅನ್ನಿಸ್ತಿತ್ತು. ಆದ್ರೆ ಇದನ್ನ ಬೇಕಂತ ಮಾಡಿಲ್ಲ."

"ಸ್ಕ್ರೂ ತೆಗೆದು ಮಾತಾಡೋಕೇನಾಗಿತ್ತು ನಿಮಗೆ?" ಎಂದಳು ಸೊಸೆ. "ತಾಯಿ ಅನ್ನೋದೊಂದು ಮಾತು ನೆಟ್ಟಗೆ ಬರ್ಬೇಡ್ವಾ ಬಾಯಲ್ಲಿ? ಹೋಗಿ ಈಗ. ಸೀಟು ನಿಮ್ಮ ಹೆಸರಲ್ಲಿದೆ, ಸ್ಲೇಟು ಹಿಡ್ಕೊಂಡು ನೀವೇ ಹೋಗಿ. ನಾನು ಅತ್ತೆ ಇಬ್ಬರೂ ಇಲ್ಲಿ ಗಾಳಿ ತಿಂದ್ಕೊಂಡಿರ್ತೀವಿ."

ಅವನು ತಟ್ಟೆ ಸರಿಸಿ ಎದ್ದ. ಅಂದು ಬೇಯಿಸಿದ ಮೊಟ್ಟೆಗಳು ಮರುದಿನದ ತನಕ ಪಾತ್ರೆಯಲ್ಲೇ ಉಳಿದವು.

ಏಜೆಂಟ್ ಇನ್ನೊಂದು ದಾರಿ ಹೇಳಿದ: ಟೂರಿಸ್ಟ್ ವೀಸಾದಲ್ಲಿ ಈಗಲೇ ಹೋಗುವುದು, ಅಲ್ಲೇ ಶಾಲೆಗೆ ಸೇರಿ ವೀಸಾ ಬದಲಾಯಿಸಲು ನೋಡುವುದು. ಆದರೆ ಆಯಿತು, ಇಲ್ಲದಿದ್ದರೆ ವಾಪಸು. ಮಗ ತಪ್ಪಿನ ಭಾರಕ್ಕೆ ಅದನ್ನೇ ಹಿಡಿದ.

"ಹೋಗ್ಬಿಡಮ್ಮ. ಇಲ್ಲಿ ಹೇಗೋ ನೋಡ್ಕೋತೀವಿ. ಅಲ್ಲಿ ಹೋದ ಮೇಲೆ ಏನೋ ಒಂದಾಗುತ್ತೆ."

"ಆಗದಿದ್ರೆ?"

"ಬಂದ್ಬಿಡು."

ಅಜ್ಜಿ ಮಡಿಸುತ್ತಿದ್ದ ಪ್ಯಾಂಟಿನ ಮಡಿಕೆಯ ಗೆರೆ ಸರಿ ಮಾಡಿದಳು. "ಅದರ ಅಪ್ಪ ಕೆಲಸಕ್ಕೆ ಅಂತ ಹೋದೋನು ಬರಲಿಲ್ಲ. ಈಗ ತಾಯಿ ಹೋಗ್ತಾಳೆ. ನಾನು ಹೋಗಿ ಅದರ ಪಕ್ಕದಲ್ಲಿ ಮಲಗಿ, ತಲೆ ಬಾಚಿ, ಅಭ್ಯಾಸ ಮಾಡಿಸಿ, ಒಂದಿನ ಬೆಳಿಗ್ಗೆ ಎದ್ದು ಬಂದ್ಬಿಡ್ಲಾ? ಏನಂತ ಹೇಳಿ ಬರ್ಲಿ? ನನ್ನ ಹತ್ರ ಸರಿಯಾದ ಕಾಗದ ಇರ್ಲಿಲ್ಲ ಅಂತಲಾ?"

"ಹಾಗಂತ ಹಾಸ್ಟೆಲ್ಲಲ್ಲಿ ಬಿಡೋದಾ?"

"ನಾನೆಲ್ಲಿ ಬಿಡ್ತಿದೀನೋ." ಅವಳ ದನಿ ಮೊದಲ ಸಲ ಒಡೆಯಿತು. "ಸರಿಯಾದ್ದನ್ನ ಹಾಕಿಸು. ಈ ಸಲ ನಾನೇ ಬಂದು ಎದುರಿಗೆ ಕೂತು ನನ್ನ ಹೆಸರು ಹೇಳ್ತೀನಿ."

ಹಾಗೇ ಮಾಡಿದಳು. ಬಸ್ಸು ಬದಲಿಸಿ ಏಜೆಂಟನ ಕಚೇರಿಗೆ ಹೋಗಿ, ತನ್ನ ಹೆಸರು ತೆರೆಯ ಮೇಲೆ ಮೂಡುವ ತನಕ ಕುರ್ಚಿ ಬಿಟ್ಟು ಏಳಲಿಲ್ಲ. ಮುಂದಿನ ತಂಡಕ್ಕೆ ಅರ್ಜಿ ಹೋಯಿತು. ಅತ್ತಲಿಂದ ಉತ್ತರವಿಲ್ಲ.

ಇನ್ನು ಮಗನ ಸೀಟಿನ ಮಾತು. ವೀಸಾ ಬರುವ ತನಕ ವಿದ್ಯಾರ್ಥಿಗಳಿಗೆ ಪಾಠ ಫೋನಿನಲ್ಲೇ ನಡೆಯುತ್ತಿತ್ತು. ಶುಲ್ಕ ಅಜ್ಜಿಯ ಹೆಸರಿಗೆ ಹೋಗುವ ತನಕ ಇವನು ಕೂತು ಕೇಳಲು ಅಡ್ಡಿಯಿಲ್ಲವೆಂದರು.

"ಕೂತ್ಕೋ," ಎಂದಳು ಅಜ್ಜಿ. "ನಿನ್ನ ಮುಖ ಕಂಡ್ರೆ ಸಾಕು. ನಾನು ಪಕ್ಕದಲ್ಲಿ ಇಸ್ತ್ರಿ ಮಾಡ್ತಾ ಕೇಳ್ಕೋತೀನಿ."

ಹೀಗೆ ಬೆಳಗಿನ ಹೊತ್ತು, ಸೊಸೆ ಬೇಕರಿಗೆ ಹೋದ ಮೇಲೆ, ಲಿಫ್ಟ್ ರಿಪೇರಿಯವನು ತಲೆ ಬಾಚಿಕೊಂಡು ಫೋನಿನ ಮುಂದೆ ಕೂರತೊಡಗಿದ. ಅತ್ತ ಹುಡುಗಿಯಂಥ ಟೀಚರು ಚಿತ್ರ ತೋರಿಸಿ ಹೇಳಿಸುತ್ತಿದ್ದಳು. ಒಂದೇ ಮಾತನ್ನು ಎಳೆದರೆ ಒಂದರ್ಥ, ಇಳಿಸಿದರೆ ಇನ್ನೊಂದು. ಅವನ ದನಿ ಎಲ್ಲಕ್ಕೂ ಒಂದೇ ಥರ ಹೋಗುತ್ತಿತ್ತು. "ಈ ಲಿಫ್ಟು ಯಾವ ಮಹಡೀಲೂ ನಿಲ್ತಿಲ್ಲ," ಎಂದು ಮಗಳು ಹಿಂದಿನಿಂದ ನಗುತ್ತಿದ್ದಳು.

ಈ ನಡುವೆ ಕಿರಿಸೊಸೆಯ ಹಡಗು ಹೊರಟಿತು. ಹೋಗುವ ಮುಂಚೆ ಪುಟಾಣಿಯ ಹಾಸ್ಟೆಲ್ ಮಂಚದ ಚಿತ್ರ ಕಳಿಸಿದಳು. ಚಾದರದ ಮೂಲೆಗಳನ್ನು ಅವಳೇ ಮಡಿಸಿ ಸಿಕ್ಕಿಸಿದ್ದು ಗೊತ್ತಾಗುತ್ತಿತ್ತು. ಅಜ್ಜಿ ಆ ಚಿತ್ರ ನೋಡಿ, "ಒಳ್ಳೆ ಕೈ," ಎಂದಷ್ಟೇ ಹೇಳಿದಳು.

ಸಂಬಂಧಗಳ ಪಾಠ ಬಂದ ದಿನ ಟೀಚರು ಮುದುಕಿಯೊಬ್ಬಳ ಚಿತ್ರ ಹಿಡಿದು, "ಯಾ," ಎಂದಳು. ದನಿಯನ್ನು ಮೇಲಿಂದ ಕೆಳಗೆ ಇಳಿಸಿದಳು. ಅಜ್ಜಿಯ ಕೈ ನಿಂತಿತು.

"ಏನಂತೆ ಅದು?"

"ಅಪ್ಪನ ಅಮ್ಮ. ಅಮ್ಮನ ಅಮ್ಮನಿಗೆ ಬೇರೆ ಮಾತಂತೆ. ಅಪ್ಪನ ಅಮ್ಮನಿಗೆ ಯಾ."

ಅಜ್ಜಿ ಸ್ಟೂಲಿನ ಮೇಲೆ ಕೂತಳು. "ಯಾರು ಅಂತ ಕೇಳ್ತಿರ್ಲಿಲ್ವೇನೋ ಅದು," ಎಂದಳು. "ಕರೀತಿತ್ತು. ನಾನು ಪ್ರತಿ ಸಲ ನಾನ್ಯಾರು ಅಂತ ಹೇಳ್ತಿದ್ದೆ."

ಪುಟಾಣಿಯ ಉಳಿದ ಮಾತು ಅರ್ಥವಾಗಲು ಮಗನಿಗೆ ಇನ್ನೂ ಕೆಲವು ದಿನ ಬೇಕಾಯಿತು. ಬರುವುದು ಹೋಗುವುದರ ಪಾಠದಲ್ಲಿ, 'ಮಾ' ಅಂದರೆ ಬರುವುದು, ಕೊನೆಗೆ 'ಮೈ' ಸೇರಿಸಿದರೆ ಪ್ರಶ್ನೆ ಎಂದು ಟೀಚರು ಹೇಳಿಸಿದಾಗ ಅವನು ಎಲ್ಲರ ಜೊತೆ ಜೋರಾಗಿಯೇ ಹೇಳಿದ. ಎರಡನೇ ಸಲ ಹೇಳುವಾಗ ಬಾಯಿ ಅರ್ಧಕ್ಕೆ ನಿಂತಿತು. ಟೀಚರು ಅವನ ಹೆಸರು ಕರೆದಳು. ಅವನು ಫೋನು ಕವುಚಿ ಹಾಕಿದ.

"ಯಾಕೋ?"

"ಅಮ್ಮಾ, ಪುಟಾಣಿ ಒಂದು ಮಾತು ಹೇಳ್ತಿದ್ಲಲ್ಲ. ನಾವು ನಗ್ತಿದ್ವಲ್ಲ."

"ಯಾಮಾರ್ಬೇಡ ಅಂತ."

"ಅದಲ್ಲ ಅದರ ಅರ್ಥ." ಅವನು ಗ್ರೀಸಿನ ಉಗುರುಗಳನ್ನು ನೋಡಿಕೊಂಡ. "ಅಜ್ಜಿ ಬರ್ತಾಳಾ ಅಂತ ಕೇಳ್ತಿದ್ಲು. ಅಷ್ಟೂ ವಾರ ಅದನ್ನೇ ಕೇಳಿದ್ದಾಳೆ."

ಅಜ್ಜಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು.

"ಇವತ್ತೇ ಟೂರಿಸ್ಟ್ ಹಾಕಿಸ್ತೀನಿ," ಎಂದ ಮಗ. "ಹಟ ಮಾಡ್ಬೇಡ."

"ಈಗಂತೂ ಬೇಡವೇ ಬೇಡ. ಬರ್ತೀಯಾ ಅಂತ ಕೇಳೋ ಮಗೂಗೆ, ಬಂದು ಹೋಗ್ತೀನಿ ಅಂತ ಹೇಳೋದಾ?"

ವಿಷಯ ತಿಳಿದ ಸೊಸೆ ಏನೂ ಕುಟುಕಲಿಲ್ಲ. ಮರುದಿನದಿಂದ ಅವಳೇ ಇನ್ನಷ್ಟು ಮುಂಚೆ ಎದ್ದು ಒಲೆ ಹಚ್ಚತೊಡಗಿದಳು. "ಅಭ್ಯಾಸ ಆಗ್ಲಿ," ಎಂದಳು, ಯಾರೂ ಕೇಳದಿದ್ದರೂ.

ಆ ಭಾನುವಾರ ಫೋನು ಬಂದದ್ದು ಹಾಸ್ಟೆಲ್ಲಿನಿಂದ. ಮೊಮ್ಮಗಳು ಆಸ್ಪತ್ರೆ ಡ್ಯೂಟಿಗೆ ಹೋಗಿದ್ದಳು. ದಪ್ಪ ಕನ್ನಡಕದ ಹೆಂಗಸೊಬ್ಬಳು ಫೋನು ಹಿಡಿದಿದ್ದಳು. ಪುಟಾಣಿ ಎತ್ತರದ ಕುರ್ಚಿಯಲ್ಲಿ ಕೂತಿತ್ತು; ಕೂದಲು ಗಿಡ್ಡ ಕತ್ತರಿಸಿದ್ದರು. ನಗಲಿಲ್ಲ.

"ಯಾ."

"ಹೂಂ," ಎಂದಳು ಅಜ್ಜಿ. ಎದೆಯ ಮೇಲೆ ಕೈ ಇಡಲಿಲ್ಲ. ಹೆಸರು ಹೇಳಲಿಲ್ಲ. "ಹೂಂ ಕಣವ್ವ."

"ಯಾ ಮಾ ಮೈ?"

ಮಗ ಪಕ್ಕದಲ್ಲಿ ಬಗ್ಗಿ, "ಹೇಳಮ್ಮ. ಮಾ ಅಂದ್ರೆ ಸಾಕು, ಬರ್ತೀನಿ ಅಂತಾಗುತ್ತೆ," ಎಂದ.

"ವೀಸಾ ಬಂದಿಲ್ವಲ್ಲೋ."

"ಗೊತ್ತು."

"ಬರದೇನೂ ಇರ್ಬಹುದು."

"ಗೊತ್ತಮ್ಮ."

ಮಗು ಕಾಯುತ್ತಿತ್ತು. ಇನ್ನೊಂದು ಸಲ ಕೇಳಲಿಲ್ಲ. ಕೇಳಿ ಕೇಳಿ ಅಭ್ಯಾಸವಾದವರ ಹಾಗೆ ಕಣ್ಣನ್ನು ಆಗಲೇ ಬೇರೆಲ್ಲಿಗೋ ಹಾಕಿತ್ತು. ಅಜ್ಜಿ ಅದನ್ನು ನೋಡಿದಳು.

"ಮಾ," ಎಂದಳು.

ಮಗುವಿನ ಮುಖ ಫೋನಿನ ತುಂಬ ಬಂತು. ಏನೋ ಕೇಳಿತು. ಅಜ್ಜಿ ಇನ್ನೊಮ್ಮೆ, "ಮಾ, ಮಾ," ಎಂದಳು. ಪುಟಾಣಿ ಕುರ್ಚಿಯಿಂದ ಜಾರಿ ಇಳಿದು ಕಾಣದಂತೆ ಓಡಿತು. ಖಾಲಿ ಕುರ್ಚಿ ಉಳಿಯಿತು. ಕನ್ನಡಕದ ಹೆಂಗಸು ನಗುತ್ತ ಏನೋ ಹೇಳಿ ಫೋನನ್ನು ಕಿಟಕಿಯ ಕಡೆ ತಿರುಗಿಸಿದಳು. ಹೊರಗೆ ಅಂಗಳ, ಅದರಾಚೆ ಕಬ್ಬಿಣದ ಗೇಟು. ಪುಟಾಣಿ ಚೀಲ ಬೆನ್ನಿಗೇರಿಸಿಕೊಂಡು, ಎರಡೂ ಕೈಯಲ್ಲಿ ಗೇಟಿನ ಸರಳು ಹಿಡಿದು, ರಸ್ತೆ ನೋಡುತ್ತ ನಿಂತಿತ್ತು.

"ಅಯ್ಯೋ, ಕರಿಯೋ ಅವಳನ್ನ," ಎಂದಳು ಅಜ್ಜಿ.

"ಏನಂತ ಕರೀಲಿ? ಬರೋದು, ಹೋಗೋದು, ಇಷ್ಟೇ ಕಲಿಸಿರೋದು ನಮಗೆ."

ಸೊಸೆ ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಬಂದು ಅತ್ತೆಯ ಭುಜದ ಮೇಲಿಂದ ಬಗ್ಗಿ ನೋಡಿದಳು. "ಇವತ್ತಲ್ಲ ಅಂತ ಹೇಳಿ," ಎಂದಳು ಗಂಡನಿಗೆ. "ಯಾರಿಗಾದ್ರೂ ಹೇಳಿ. ಆ ಹೆಂಗಸಿಗೆ ಹೇಳಿ."

"ಅದನ್ನ ಹೇಳೋ ಮಾತು ನನಗೆ ಗೊತ್ತಿಲ್ಲ ಕಣೇ."

ಕನ್ನಡಕದ ಹೆಂಗಸು ಇವರ ಗಡಿಬಿಡಿಯನ್ನು ಸಂತೋಷವೆಂದುಕೊಂಡು ಕೈ ಬೀಸಿದಳು. ಫೋನು ನಿಂತಿತು. ಮಗ ತಿರುಗಿ ಹಚ್ಚಿದ, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದ.

ಅಜ್ಜಿ ಅವನ ಕೈಯಿಂದ ಫೋನು ತೆಗೆದುಕೊಂಡು ಮೇಜಿನ ಮೇಲಿಟ್ಟಳು.

"ನಾಳೆ ಪಾಠದಲ್ಲಿ ಅದನ್ನ ಕೇಳು," ಎಂದಳು. "ಬರಲ್ಲ ಅನ್ನೋದಕ್ಕೆ ಏನಂತಾರೆ ಅಂತ ಕೇಳ್ಬೇಡ, ಅದು ನನಗೆ ಬೇಡ. ಇವತ್ತಲ್ಲ ಅನ್ನೋದಕ್ಕೆ ಏನಂತಾರೆ, ಅದನ್ನ ಕೇಳ್ಕೋ."